ಸಿಬಿಲ್ ರಿಪೇರಿ ಎಂಬ ಹೊಸ ಲೇವಾದೇವಿ

ಸಾಲ ಕೊಡುವವನು ರೈತನನ್ನು ಸುಲಿಯುವುದು ಹಳೆಯ ಕತೆ. ಸಾಲ ಸಿಗದಿದ್ದವನನ್ನೂ ಸುಲಿಯಬಹುದು ಎಂಬುದು ನಮ್ಮ ಕಾಲದ ಹೊಸ ಆವಿಷ್ಕಾರ. "ನಿಮ್ಮ ಸಿಬಿಲ್ ಕೆಟ್ಟಿದೆಯೇ? ಕೆಲವೇ ದಿನಗಳಲ್ಲಿ ಸರಿಪಡಿಸಿ ಕೊಡುತ್ತೇವೆ, ಗ್ಯಾರಂಟಿ" ಎಂಬ ಜಾಹೀರಾತು ಇಂದು ಮೊಬೈಲ್ ಹಿಡಿದ ಪ್ರತಿಯೊಬ್ಬನ ಕಣ್ಣಿಗೂ ಬೀಳುತ್ತಿದೆ. ಬಸವಕಲ್ಯಾಣ, ಹುಮನಾಬಾದ ಭಾಗದ ಜನ ಕೇಳುತ್ತಿರುವ ಪ್ರಶ್ನೆ ಒಂದೇ: ಇವರಲ್ಲಿ ಯಾರನ್ನು ನಂಬಬೇಕು?

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲಸಕ್ಕೆ ಮುಂಚೆ ಹಣ ಕೇಳುವ ಯಾರನ್ನೂ ನಂಬಬೇಡಿ. ಏಕೆಂದರೆ ಅವರು ಮಾರುತ್ತಿರುವ ವಸ್ತು ನಿಮ್ಮದೇ. ಅದು ಕಾನೂನಿನಿಂದ ನಿಮಗೆ ಪುಕ್ಕಟೆಯಾಗಿ ಸಲ್ಲತಕ್ಕದ್ದು. ನಿಮ್ಮ ಬಾವಿಯ ನೀರನ್ನೇ ಕೊಡದಲ್ಲಿ ತುಂಬಿ ನಿಮಗೆ ಮಾರುವ ವ್ಯಾಪಾರವಿದು.

ಗೋರ್ಟಾ (ಬಿ) ಗ್ರಾಮದ ಹೆಸರನ್ನು ಕೇಳದವರು ಈ ಭಾಗದಲ್ಲಿಲ್ಲ. 1948ರ ಮೇ ತಿಂಗಳಲ್ಲಿ ರಜಾಕಾರರ ದಾಳಿಗೆ ಅಲ್ಲಿ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರೆಂದು ಹೇಳುತ್ತಾರೆ. 2023ರ ಮಾರ್ಚಿಯಲ್ಲಿ ಅಲ್ಲಿ ಹುತಾತ್ಮರ ಸ್ಮಾರಕವೂ ಎತ್ತರದ ಧ್ವಜಸ್ತಂಭವೂ ಉದ್ಘಾಟನೆಯಾದವು. ದೊಡ್ಡವರು ಬಂದರು, ಹೂಮಾಲೆ ಹಾಕಿದರು, ಭಾಷಣ ಮಾಡಿದರು. ಒಳ್ಳೆಯದೇ. ಆದರೆ ಸತ್ತವರಿಗೆ ಮಾಲೆ ಹಾಕಿದವರಲ್ಲಿ ಬದುಕಿರುವವರ ಸಾಲದ ಖಾತೆಯನ್ನು ತೆರೆದು ನೋಡಿದವರು ಎಷ್ಟು ಮಂದಿ? ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಊರು ಲೆಕ್ಕದ ಪುಸ್ತಕದಿಂದ ಬಿಡುಗಡೆ ಹೊಂದಿದೆಯೇ ಎಂಬುದನ್ನು ನಾವು ಕೇಳಬಯಸುತ್ತೇವೆ.

ಲೆಕ್ಕದ ಪುಸ್ತಕದ ಇತಿಹಾಸ ನೋಡಿ. ಅಂದು ಸಾವಕಾರನ ವಹಿ ಮೋಡಿಯಲ್ಲೋ ಮಾರವಾಡಿಯಲ್ಲೋ ಇರುತ್ತಿತ್ತು. ಸರಕಾರದ ದಫ್ತರ ಉರ್ದುವಿನಲ್ಲಿತ್ತು. ರೈತನ ಪಾಲಿಗೆ ಉಳಿದದ್ದು ಹೆಬ್ಬೆಟ್ಟು ಮಾತ್ರ. ಸವಾಯಿ ಎಂದರೆ ಸವಾಯಿ, ದೀಡಿ ಎಂದರೆ ದೀಡಿ. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆ ಕಂಡುಕೊಂಡದ್ದೇನು? ರೈತ ಪಡೆದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸುಮಾರು ಎಪ್ಪತ್ತು ರೂಪಾಯಿ ಲೇವಾದೇವಿದಾರರಿಂದ ಬಂದದ್ದು. ಸಹಕಾರ ಸಂಘಗಳಿಂದ ಬಂದದ್ದು ಮೂರೇ ರೂಪಾಯಿ. ವಾಣಿಜ್ಯ ಬ್ಯಾಂಕುಗಳಿಂದ ಒಂದು ರೂಪಾಯಿ ಕೂಡ ಪೂರ್ತಿ ಇಲ್ಲ. 1905ರಷ್ಟು ಹಿಂದೆಯೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿ ದಾರಿ ತೋರಿದ್ದರೂ ಅರ್ಧ ಶತಮಾನದ ಬಳಿಕ ದೇಶದ ಸ್ಥಿತಿ ಇದು.

ಬಳಿಕ ಕಾನೂನುಗಳು ಬಂದವು. 1961ರ ಲೇವಾದೇವಿದಾರರ ಕಾಯ್ದೆ ಬಂತು. 1976ರಲ್ಲಿ ದೇವರಾಜ ಅರಸರ ಸರಕಾರ ಋಣ ಪರಿಹಾರ ಕಾಯ್ದೆ ತಂದಿತು. 2004ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯ್ದೆಯಾಯಿತು. ಬ್ಯಾಂಕುಗಳು ಹಳ್ಳಿಗೆ ಬಂದವು. ಸ್ವಸಹಾಯ ಸಂಘಗಳಿಗೆ ಸಾಲ ಕೊಡುವ ಕೆಲಸದಲ್ಲಿ ನಮ್ಮ ಬೀದರ ಜಿಲ್ಲಾ ಸಹಕಾರಿ ಬ್ಯಾಂಕೇ ಒಂದು ಕಾಲದಲ್ಲಿ ದೇಶದ ಗಮನ ಸೆಳೆಯಿತು. ಇದೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ವಹಿಯ ಭಾಷೆ ಬದಲಾಯಿತೇ? ಇಲ್ಲ. ಮೋಡಿ ಹೋಯಿತು, ಉರ್ದು ಹೋಯಿತು, ಇಂಗ್ಲಿಷು ಬಂದು ಕುಳಿತಿತು. ಸಾಲಗಾರನ ಭಾಷೆಯಲ್ಲಿ ಸಾಲದ ಲೆಕ್ಕ ಬರೆಯುವುದಿಲ್ಲ ಎಂಬ ಒಂದು ನಿಯಮವನ್ನು ಮಾತ್ರ ಯಾವ ಸರಕಾರವೂ ಮುರಿಯಲಿಲ್ಲ!

ಈ ಹೊಸ ವಹಿಯ ಹೆಸರೇ ಸಿಬಿಲ್. ನಿಜವಾಗಿ ನೋಡಿದರೆ ಅದು ಒಂದು ಕಂಪನಿಯ ಹೆಸರು, 2000ದಲ್ಲಿ ಸ್ಥಾಪನೆಯಾದದ್ದು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂದು ನಾಲ್ಕು ಕಂಪನಿಗಳಿವೆ. 2005ರ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಅಂಕಿತದಲ್ಲಿ ಇವು ನಡೆಯುತ್ತವೆ. ನೀವು ಎಲ್ಲಿ ಸಾಲ ತೆಗೆದಿರಿ, ಯಾವ ಕಂತು ತಪ್ಪಿತು, ಯಾರಿಗೆ ಜಾಮೀನು ನಿಂತಿರಿ ಎಂಬುದನ್ನೆಲ್ಲ ಬ್ಯಾಂಕುಗಳು ಇವರಿಗೆ ಬರೆದು ಕಳಿಸುತ್ತವೆ. ಇವರು ಅದನ್ನು ಕೂಡಿ ಕಳೆದು 300ರಿಂದ 900ರ ನಡುವೆ ಒಂದು ಅಂಕಿ ಹಾಕುತ್ತಾರೆ. ಆ ಅಂಕಿಯನ್ನು ನೋಡಿ ಬ್ಯಾಂಕಿನವರು ನಿಮ್ಮ ಮುಖ ನೋಡುತ್ತಾರೆ, ಅಥವಾ ನೋಡುವುದಿಲ್ಲ.

ಆ ಅಂಕಿಗೆ ಮಳೆ ಗೊತ್ತಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರವೇ ಬರಪೀಡಿತವೆಂದು ಸಾರಿತು. ಬೆಳೆ ಒಣಗಿದವನ ಕಂತು ತಪ್ಪಿದರೂ, ಮೋಜಿಗಾಗಿ ಸಾಲ ಮಾಡಿದವನ ಕಂತು ತಪ್ಪಿದರೂ ಅಂಕಿಗೆ ಎರಡೂ ಒಂದೇ. ಇನ್ನು ದೊಡ್ಡವರ ಸಂಗತಿ. 2014-15ರಿಂದ 2023-24ರವರೆಗಿನ ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ತಮ್ಮ ಪುಸ್ತಕಗಳಿಂದ ಹೊಡೆದುಹಾಕಿದ ಸಾಲ 16.35 ಲಕ್ಷ ಕೋಟಿ ರೂಪಾಯಿ ಎಂದು ಸಂಸತ್ತಿನಲ್ಲೇ ಉತ್ತರ ಬಂದಿದೆ. ಅದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂದು ಸಚಿವರು ಸಮಜಾಯಿಷಿ ಕೊಡುತ್ತಾರೆ. ಹಾಗೆಯೇ ಆಗಲಿ. ಲಕ್ಷ ಕೋಟಿಗಳ ಬಾಕಿಯ ಮೇಲೆ ಅಷ್ಟೊಂದು ತಾಳ್ಮೆ ತೋರುವ ವ್ಯವಸ್ಥೆಗೆ ಮೂರು ಎಕರೆ ತೊಗರಿಯ ಒಡೆಯನ ಒಂದು ಕಂತಿನ ಮೇಲೆ ಏಕಿಷ್ಟು ಕ್ರೌರ್ಯ?

ಇನ್ನು ರಿಪೇರಿಯವರ ಕೆಲಸವನ್ನು ನೋಡೋಣ. ಒಬ್ಬ ರೈತನಿದ್ದಾನೆ ಎಂದು ಇಟ್ಟುಕೊಳ್ಳಿ. ಅವನು ಅರವತ್ತು ಸಾವಿರ ಸಾಲ ತೀರಿಸಿದ್ದಾನೆ. ಬ್ಯಾಂಕಿನ ಉದಾಸೀನದಿಂದ ಅದು ವರದಿಯಲ್ಲಿ ಇನ್ನೂ ಬಾಕಿಯೆಂದೇ ಇದೆ. ರಿಪೇರಿಯವನು ಎಂಟು ಸಾವಿರ ಕೇಳುತ್ತಾನೆ. ಹಣ ಪಡೆದು ಅವನು ಮಾಡುವುದೇನು? ಕಂಪನಿಗೆ ಒಂದು ತಕರಾರು ಅರ್ಜಿ ಹಾಕುತ್ತಾನೆ. ಆ ಅರ್ಜಿಗೆ ಶುಲ್ಕವಿಲ್ಲ! ವರದಿ ತಪ್ಪಾಗಿದ್ದರೆ ಅದು ತಾನಾಗಿ ಸರಿಹೋಗುತ್ತದೆ, ಕೀರ್ತಿ ಇವನಿಗೆ. ವರದಿ ನಿಜವಾಗಿದ್ದರೆ ಸರಿಹೋಗುವುದಿಲ್ಲ. ಅಷ್ಟರಲ್ಲಿ ಇವನ ಫೋನು ಬಂದಾಗಿರುತ್ತದೆ. ನಿಜವಾದ ಬಾಕಿಯನ್ನು ಅಳಿಸುವ ಶಕ್ತಿ ಯಾವ ಖಾಸಗಿ ಕಂಪನಿಗೂ ಇಲ್ಲ. ಅಳಿಸುತ್ತೇನೆ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಅಪರಾಧ ಮಾಡಹೊರಟಿದ್ದಾನೆ.

ಇದಕ್ಕಿಂತ ಕೆಟ್ಟದ್ದೂ ಇದೆ. ಆಧಾರ್, ಪ್ಯಾನ್, ಮೊಬೈಲಿಗೆ ಬಂದ ಓಟಿಪಿ, ಈ ಮೂರನ್ನು ಅಪರಿಚಿತನ ಕೈಗೆ ಕೊಟ್ಟವನು ಮನೆಯ ಬೀಗದ ಕೈಯನ್ನೇ ಕೊಟ್ಟಂತೆ. ಅವನ ಹೆಸರಿನಲ್ಲಿ ಹೊಸ ಸಾಲವೇ ಹುಟ್ಟಬಹುದು. ಮತ್ತೆ ಕೆಲವರು "ಅರ್ಧ ಕಟ್ಟಿ, ಸೆಟಲ್ ಮಾಡಿಸುತ್ತೇವೆ" ಎನ್ನುತ್ತಾರೆ. ರಾಜಿಯಲ್ಲಿ ಮುಗಿದ ಸಾಲ ವರದಿಯಲ್ಲಿ 'ಸೆಟಲ್ಡ್' ಎಂದು ದಾಖಲಾಗುತ್ತದೆಯೇ ಹೊರತು ಪೂರ್ತಿ ತೀರಿತೆಂದಲ್ಲ. ಮುಂದೆ ಸಾಲ ಕೊಡುವವನು ಅದನ್ನು ಕಳಂಕವೆಂದೇ ಓದುತ್ತಾನೆ. ಈ ಮಾತನ್ನು ರಿಪೇರಿಯವನು ಮೊದಲು ಹೇಳುವುದಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಸಂಘದ ಸಾಲದಲ್ಲಿ ಹೆಸರು ಒಬ್ಬಳದು, ಹಣ ಬಳಸಿದವಳು ಇನ್ನೊಬ್ಬಳು ಆಗುವುದುಂಟು. ಕಂತು ತಪ್ಪಿದರೆ ಕೆಡುವುದು ಹೆಸರು ಕೊಟ್ಟವಳ ದಾಖಲೆ. ಬಾಗಿಲಿಗೆ ಬಂದು ಬೈಯುವವರ ವಿಷಯದಲ್ಲಿ ಅವಳು ತಿಳಿದಿರಬೇಕಾದ ಮಾತುಗಳಿವೆ. 2022ರ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲ ವಸೂಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಕರೆ ಮಾಡಕೂಡದು. ಬೆದರಿಕೆ, ಬೈಗುಳ ಕೂಡದು. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತುಗಳಿಗೇ ಹೋಗುವಂತೆ ಸಾಲ ಕೊಡಕೂಡದು. 2025ರಲ್ಲಿ ರಾಜ್ಯ ಸರಕಾರವೂ ಕಿರುಕುಳದ ವಿರುದ್ಧ ಕಾನೂನು ತಂದು ಹತ್ತು ವರ್ಷಗಳವರೆಗಿನ ಸೆರೆವಾಸ, ಐದು ಲಕ್ಷದವರೆಗಿನ ದಂಡ ವಿಧಿಸಬಹುದೆಂದು ಹೇಳಿತು. ಕಾಗದದ ಮೇಲಿನ ಈ ಹಕ್ಕುಗಳನ್ನು ಹೆಣ್ಣುಮಕ್ಕಳಿಗೆ ಓದಿ ಹೇಳಿದವರಾರು?

ಹಾಗಾದರೆ ಮಾಡಬೇಕಾದುದೇನು? ಹಂತ ಹಂತವಾಗಿ ಹೇಳುತ್ತೇವೆ, ಕತ್ತರಿಸಿ ಇಟ್ಟುಕೊಳ್ಳಿ.

ಮೊದಲನೆಯದು: ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡತಕ್ಕದ್ದು. 2017ರಿಂದ ಇದು ಜಾರಿಯಲ್ಲಿದೆ. ಅದನ್ನು ತರಿಸಿಕೊಳ್ಳಿ. ಓದು ಬಲ್ಲ ಮಗನೋ ಮಗಳೋ ಶಾಲೆಯ ಮೇಷ್ಟರೋ ಓದಿ ಹೇಳಲಿ.

ಎರಡನೆಯದು: ನಿಮ್ಮದಲ್ಲದ ಸಾಲ, ತೀರಿದರೂ ತೀರದೆ ನಿಂತ ಸಾಲ, ತಪ್ಪು ಹೆಸರು ಇದ್ದರೆ ಕಂಪನಿಗೂ ಬ್ಯಾಂಕಿಗೂ ಲಿಖಿತ ತಕರಾರು ಕೊಡಿ. ಬಾಕಿ ಇಲ್ಲವೆಂಬ ಪತ್ರವನ್ನೂ ರಸೀದಿಯನ್ನೂ ಲಗತ್ತಿಸಿ. ಸ್ವೀಕೃತಿಯ ಸಂಖ್ಯೆ ಇಲ್ಲದೆ ಹಿಂದಿರುಗಬೇಡಿ.

ಮೂರನೆಯದು: ಮೂವತ್ತು ದಿನಗಳಲ್ಲಿ ತಕರಾರು ಇತ್ಯರ್ಥವಾಗಬೇಕು. ಆಗದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರವನ್ನು ಅವರೇ ನಿಮಗೆ ಕೊಡಬೇಕು. 2024ರ ಏಪ್ರಿಲ್ 26ರಿಂದ ಇದು ನಿಯಮ. ರಿಪೇರಿಯವನಿಗೆ ನೀವು ಹಣ ಕೊಡುವುದಲ್ಲ, ತಡಮಾಡಿದವರು ನಿಮಗೆ ಕೊಡುವುದು!

ನಾಲ್ಕನೆಯದು: ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾನೆ. ದೂರಿಗೆ ಶುಲ್ಕವಿಲ್ಲ, ವಕೀಲ ಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾಹಿತಿ ಸಿಗುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯ: ಕಾಲ ನೋಡಿ ಕೆಲಸ ಮಾಡಿ. ಮಿರಗ ಮಳೆ ಬಿದ್ದ ಮೇಲೆ ಬ್ಯಾಂಕಿಗೆ ಹೋಗಿ ಅಂಕಿ ಕೆಟ್ಟಿದೆ ಎಂದು ತಿಳಿದರೆ ಪ್ರಯೋಜನವಿಲ್ಲ. ಮೂವತ್ತು ದಿನ ಕಾಯುವಷ್ಟು ಪುರುಸೊತ್ತು ಬಿತ್ತನೆಗೆ ಇರುವುದಿಲ್ಲ. ಆ ಅವಸರವೇ ಮೀಟರ್ ಬಡ್ಡಿಯವನ ಬಂಡವಾಳ, ರಿಪೇರಿಯವನ ಬಂಡವಾಳ. ಯುಗಾದಿಗೆ ಮುಂಚೆಯೇ ವರದಿ ತೆಗೆಸಿ ನೋಡಿ.

ಮೊದಲ ಸಲ ಸಾಲ ಕೇಳುವವರು ಇನ್ನೊಂದು ಮಾತು ನೆನಪಿಡಲಿ. ಸಾಲಕ್ಕೆ ಇಂತಿಷ್ಟು ಅಂಕಿ ಇರಲೇಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿಲ್ಲ, ಹಳೆಯ ದಾಖಲೆಯಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು 2025ರಲ್ಲಿ ಕೇಂದ್ರ ಹಣಕಾಸು ಇಲಾಖೆಯೇ ಸ್ಪಷ್ಟಪಡಿಸಿದೆ.

ಇಲ್ಲಿ ಕೆಲವು ಸಜ್ಜನರು ಒಂದು ಆಕ್ಷೇಪಣೆ ಎತ್ತುತ್ತಾರೆ. "ರೈತನಿಗೆ ಇಂಗ್ಲಿಷ್ ಬರುವುದಿಲ್ಲ, ಕಂಪ್ಯೂಟರ್ ಬರುವುದಿಲ್ಲ. ಅರ್ಜಿ ಬರೆದುಕೊಡುವವನು ಕೂಲಿ ಕೇಳಿದರೆ ತಪ್ಪೇನು?" ಎಂದು. ತಪ್ಪಿಲ್ಲ. ಅರ್ಜಿ ಬರೆದ ಕೈಗೆ ಬರೆದ ಕೂಲಿ ಸಲ್ಲಲಿ. ಅದು ಐವತ್ತೋ ನೂರೋ ಆದೀತು, ಎಂಟು ಸಾವಿರವಲ್ಲ. ಪ್ರಾಮಾಣಿಕನನ್ನು ಗುರುತಿಸುವ ಬಗೆಯೂ ಕಷ್ಟವಲ್ಲ. ಅವನು ಮುಂಗಡ ಕೇಳುವುದಿಲ್ಲ. ಅಂಕಿ ಇಷ್ಟಕ್ಕೇರುತ್ತದೆಂದು ಭರವಸೆ ಕೊಡುವುದಿಲ್ಲ. ಓಟಿಪಿ ಮುಟ್ಟುವುದಿಲ್ಲ. "ಇದನ್ನು ನೀವೇ ಪುಕ್ಕಟೆ ಮಾಡಿಕೊಳ್ಳಬಹುದು" ಎಂದು ಮೊದಲೇ ಹೇಳುತ್ತಾನೆ. ಕರಾರನ್ನು ಕನ್ನಡದಲ್ಲಿ ಬರೆದು ರಸೀದಿ ಕೊಡುತ್ತಾನೆ. ಬಂಡವಾಳಶಾಹಿಯ ತವರಾದ ಅಮೆರಿಕವೇ 1996ರಲ್ಲಿ ಕಾನೂನು ಮಾಡಿ, ಇಂತಹ ಕಂಪನಿಗಳು ಕೆಲಸ ಮುಗಿಸುವ ಮುನ್ನ ಹಣ ಪಡೆಯಕೂಡದು, ಕರಾರು ಲಿಖಿತವಾಗಿರಬೇಕು, ಮೂರು ದಿನಗಳೊಳಗೆ ಗಿರಾಕಿ ಅದನ್ನು ರದ್ದು ಮಾಡಬಹುದು ಎಂದು ಕಟ್ಟುಪಾಡು ಹಾಕಿತು. ನಮ್ಮಲ್ಲಿ ಈ ದಂಧೆಗೆಂದೇ ಅಂತಹ ಕಾಯ್ದೆಯಿಲ್ಲ. 1961ರಲ್ಲಿ ಸಾವಕಾರನಿಗೆ ಪರವಾನಗಿ ಬೇಕು, ಲೆಕ್ಕ ಬೇಕು, ರಸೀದಿ ಬೇಕು ಎಂದ ರಾಜ್ಯಕ್ಕೆ ಈ ಹೊಸ ಸಾವಕಾರನ ಮುಂದೆ ಬಾಯಿ ಕಟ್ಟಿದೆಯೇಕೆ?

ಇದು ಬಸವಣ್ಣನವರ ಕಲ್ಯಾಣದ ನೆಲ. ಅವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಹಣ ದುರುಪಯೋಗವಾಗಿದೆಯೆಂದು ದೂರು ಹೋದಾಗ ಅವರು ಲೆಕ್ಕವನ್ನು ತೆರೆದು ತೋರಿದರೆಂದು ಜನ ಇಂದಿಗೂ ಹೇಳುತ್ತಾರೆ. ಲೆಕ್ಕ ಇಟ್ಟವನು ಲೆಕ್ಕ ತೋರಿಸಬೇಕು, ಕೇಳಿದವನಿಗೆ ತಿಳಿಯುವ ಹಾಗೆ ತೋರಿಸಬೇಕು. ನಾವು ಕೇಳುತ್ತಿರುವುದು ಇದಕ್ಕಿಂತ ಹೆಚ್ಚೇನೂ ಅಲ್ಲ.

ಆದುದರಿಂದ ನಮ್ಮ ಒತ್ತಾಯಗಳು ಇವು. ಸಾಲದ ವರದಿ ಕನ್ನಡದಲ್ಲಿ ಸಿಗಲಿ, ಗ್ರಾಮ ಪಂಚಾಯತಿಯಲ್ಲಿಯೂ ಪತ್ತಿನ ಸಹಕಾರ ಸಂಘದಲ್ಲಿಯೂ ಪುಕ್ಕಟೆ ಮುದ್ರಿಸಿ ಕೊಡಲಿ. ಸಾಲ ನಿರಾಕರಿಸುವ ಬ್ಯಾಂಕು ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಲಿ. ದಿನಕ್ಕೆ ನೂರು ರೂಪಾಯಿ ಪರಿಹಾರದ ನಿಯಮವನ್ನು ಪ್ರತಿ ಶಾಖೆಯ ಬಾಗಿಲಲ್ಲಿ ಫಲಕ ಬರೆದು ತೂಗಹಾಕಲಿ. ಸರಕಾರವೇ ಬರವೆಂದು ಸಾರಿದ ವರ್ಷದ ಬೆಳೆಸಾಲದ ಬಾಕಿ ರೈತನ ಅಪರಾಧವೆಂದು ದಾಖಲಾಗುವುದು ನಿಲ್ಲಲಿ. ಮುಂಗಡ ಹಣ ಪಡೆಯುವ ರಿಪೇರಿ ದಂಧೆಯನ್ನು ಕಾನೂನಿನಿಂದ ನಿಷೇಧಿಸಲಿ.

ಇವೆಲ್ಲ ಬರುವವರೆಗೆ ಗೋರ್ಟಾದಂತಹ ಪ್ರತಿ ಊರಿನಲ್ಲಿ ಓದು ಬಲ್ಲ ನಾಲ್ಕು ಯುವಕ ಯುವತಿಯರು ವಾರಕ್ಕೊಂದು ಸಂಜೆ ಚಾವಡಿಯಲ್ಲಿ ಕುಳಿತರೆ ಸಾಕು. ವರದಿ ಓದಿ ಹೇಳಲಿ, ತಕರಾರು ಬರೆದು ಕೊಡಲಿ. ಹಾಗೆ ಕುಳಿತ ಊರಿನಲ್ಲಿ ರಿಪೇರಿ ಕಂಪನಿಯ ಏಜೆಂಟನಿಗೆ ಕೆಲಸವಿರುವುದಿಲ್ಲ. ನಂಬಿಕೆಗೆ ಅರ್ಹವಾದ ಕಂಪನಿ ಯಾವುದೆಂದು ಕೇಳಿದಿರಲ್ಲ, ನಾವು ಬಲ್ಲದ್ದು ಅದೊಂದೇ.