ಬೊಂಬೆ ಮೇಲೆ ಕಲಿತ ಕೈ ನಮ್ಮೂರ ಹೆರಿಗೆ ಕೋಣೆವರೆಗೂ ಬರಬೇಕು

ಹಿರೇಹಡಗಲಿ: ಹಳ್ಳಿ ಆಸ್ಪತ್ರೆಗೆ ಹೊಸ ಡಾಕ್ಟರ್ ಬಂದರೆ ಜನ ಮೊದಲು ಕೇಳೋದು ಒಂದೇ ಮಾತು, ಕೈಗುಣ ಹೆಂಗೈತಿ? ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ ರಾಜ್ಯ 2012ರಲ್ಲೇ ಕಾಯ್ದೆ ತಂದಿದೆ. ನಂತರದ ತಿದ್ದುಪಡಿಯಲ್ಲಿ ಅದು ಖಾಲಿ ಹುದ್ದೆ ಇದ್ದಷ್ಟಕ್ಕೆ ಸೀಮಿತವಾಯ್ತು. ಆದರೂ ಕಾಲೇಜು ಬಿಟ್ಟ ಹೊಸ ಕೈಗಳು ಮೊದಲು ಮುಟ್ಟೋದು ಹಳ್ಳಿ ರೋಗಿಗಳನ್ನೇ. ಹಾಗಾಗಿ ಅವರು ಎಲ್ಲಿ, ಹೇಗೆ ಕಲಿತು ಬರ್ತಾರೆ ಅನ್ನೋದು ಈ ಭಾಗದ ಜನರ ಪ್ರಶ್ನೆಯೂ ಹೌದು.

ಬದಲಾದದ್ದು ಏನು?

2019ರಲ್ಲಿ ದೇಶದ ವೈದ್ಯಕೀಯ ಪಠ್ಯಕ್ರಮ ಬದಲಾಯಿತು. ಪ್ರತಿ ಕಾಲೇಜಿನಲ್ಲೂ ಸ್ಕಿಲ್ ಲ್ಯಾಬ್ ಇರಬೇಕು ಎಂದಾಯಿತು. ಇಂಜೆಕ್ಷನ್, ಹೊಲಿಗೆ, ಹೆರಿಗೆ, ನಿಂತ ಎದೆಬಡಿತ ಮರಳಿಸೋದು ಇವನ್ನೆಲ್ಲ ಮೊದಲು ಬೊಂಬೆ ಮೇಲೆ ಮಾಡಿ, ಆಮೇಲೆ ರೋಗಿಯ ಹತ್ತಿರ ಹೋಗಬೇಕು. ಆ ವರ್ಷ ಸೇರಿದವರು ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಈಗ ಹೊರಬಂದಿದ್ದಾರೆ.

ಈ ಬೊಂಬೆ ಹೊಸದಲ್ಲ. ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ 1960ರಲ್ಲೇ ಉಸಿರು ಕೊಡೋದನ್ನ ಕಲಿಸುವ ಬೊಂಬೆ ಮಾರುಕಟ್ಟೆಗೆ ತಂದರು.

ಬೆಳಗಾವಿ ಹೇಳೋದು

ಬೊಂಬೆ ಮೇಲೆ ಕಲಿತರೆ ನಿಜವಾಗ್ಲೂ ಜೀವ ಉಳಿಯುತ್ತಾ? ಇದಕ್ಕೆ ಕರ್ನಾಟಕದಲ್ಲೇ ಉತ್ತರ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹಳ್ಳಿ ಆರೋಗ್ಯ ಕೇಂದ್ರ ಮತ್ತು ಜಿಲ್ಲಾ, ನಗರ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಮಗುವಿನ ಬೊಂಬೆ ಮೇಲೆ ತರಬೇತಿ ಕೊಟ್ಟರು. ಪಾಠ ಸರಳ: ಹುಟ್ಟಿದ ಮಗು ಅಳದಿದ್ದರೆ ಒರೆಸು, ಬೆನ್ನು ಉಜ್ಜು, ಆಗಲೂ ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಅಂಬು ಬ್ಯಾಗ್‌ನಿಂದ ಉಸಿರು ಕೊಡು.

2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೆರಿಗೆ ಹೊತ್ತಿನಲ್ಲೇ ಜೀವ ಹೋದವು ಎಂದು ಲೆಕ್ಕಕ್ಕೆ ಬರುವ ಶಿಶುಗಳ ಪ್ರಮಾಣ ಶೇ 1.7ರಿಂದ 0.9ಕ್ಕೆ ಇಳಿಯಿತು. ಅಂದ್ರೆ ಸಾವಿರ ಹೆರಿಗೆಗೆ 17 ಇದ್ದದ್ದು 9 ಆಯಿತು. ಉಸಿರಾಡದ ಮಗುವನ್ನ ಸತ್ತೇ ಹುಟ್ಟಿತು ಅಂತ ಕೈಬಿಡುವ ಸಂದರ್ಭಗಳು ಇರುತ್ತವೆ. ಆ ಒಂದು ನಿಮಿಷ ಕೈ ಆಡಿದರೆ ಅಂಥ ಕೆಲವು ಮಕ್ಕಳು ಅಳುತ್ತವೆ.

ಆದರೆ ಅದೇ ಅಧ್ಯಯನದಲ್ಲಿ, ಹುಟ್ಟಿದ ಮೊದಲ ತಿಂಗಳಲ್ಲಿ ಆಗುವ ಶಿಶುಮರಣ ಮಾತ್ರ ಕಡಿಮೆಯಾಗಲಿಲ್ಲ. ಉಸಿರು ಬಂದ ಮೇಲೆ ಬೆಚ್ಚಗಿಡೋದು, ಸೋಂಕು ತಡೆಯೋದು, ಬೇಕಾದರೆ ದೊಡ್ಡಾಸ್ಪತ್ರೆಗೆ ಬೇಗ ಮುಟ್ಟಿಸೋದು, ಇವಕ್ಕೆ ಬೊಂಬೆ ಸಾಲದು. ಆಂಬುಲೆನ್ಸ್, ಸಿಬ್ಬಂದಿ, ಬೆಡ್ ಬೇಕು.

ಒಂದಿನದ ಟ್ರೈನಿಂಗ್ ಸಾಕಾ?

ಇಲ್ಲಿ ಆಫ್ರಿಕಾದ ತಾಂಜಾನಿಯಾ ನೋಡಬೇಕು. ಅಲ್ಲಿನ ಹೇಡಮ್ ಎಂಬ ಹಳ್ಳಿ ಆಸ್ಪತ್ರೆಯಲ್ಲಿ ಒಂದು ದಿನದ ಇದೇ ತರಬೇತಿ ಕೊಟ್ಟರು. ತಿಂಗಳುಗಳ ನಂತರ ಪರೀಕ್ಷೆ ಮಾಡಿದಾಗ ಬೊಂಬೆ ಮೇಲೆ ಪಾಸ್ ಆಗುವವರ ಪ್ರಮಾಣ ಮೊದಲಿಗಿಂತ ಹೆಚ್ಚಾಗಿತ್ತು, ಆದರೆ ನಿಜವಾದ ಹೆರಿಗೆಯಲ್ಲಿ ಕೆಲಸದ ರೀತಿ ಬದಲಾಗಿರಲಿಲ್ಲ. ಆಮೇಲೆ ಬೊಂಬೆಯನ್ನ ಹೆರಿಗೆ ವಾರ್ಡಿಗೇ ತಂದಿಟ್ಟು, ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷ ಅಭ್ಯಾಸ ಮಾಡಿಸಿದರು. ಹುಟ್ಟಿದ 24 ಗಂಟೆಯೊಳಗಿನ ಸಾವು ಸಾವಿರಕ್ಕೆ ಸುಮಾರು 11ರಿಂದ 7ಕ್ಕೆ ಇಳಿಯಿತು.

ಹೊಸ ಟೈಲರ್ ಒಂದಿನ ಮಷಿನ್ ತುಳಿದು ಅಂಗಡಿ ತೆರೆಯಲ್ಲ, ಕೈ ಕೂರೋವರೆಗೂ ಹಳೇ ಬಟ್ಟೆ ಮೇಲೆ ಹೊಲೀತಾನೆ. ಕಾಲೇಜಿನ ಲ್ಯಾಬಿನಲ್ಲಿ ಮೂರು ವರ್ಷದ ಹಿಂದೆ ಮುಟ್ಟಿದ ಬೊಂಬೆ, ರಾತ್ರಿ ಎರಡು ಗಂಟೆಗೆ ಅಳದ ಮಗು ಎದುರಿಗಿದ್ದಾಗ ಎಷ್ಟು ನೆನಪಿಗೆ ಬಂದೀತು? ಆ ಹೊತ್ತಿಗೆ ಡಾಕ್ಟರ್ ಜೊತೆ ಸಿಸ್ಟರ್ ಇರಬೇಕು. ಎಷ್ಟೋ ಸಲ ಸಿಸ್ಟರ್ ಒಬ್ಬರೇ ಇರ್ತಾರೆ. ಅಭ್ಯಾಸ ಅವರಿಗೂ ಬೇಕು.

ಜನ ಏನು ಕೇಳಬಹುದು?

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅಲ್ಲಿ ಕಟ್ಟಡ, ಬಣ್ಣ, ನೀರಿನ ಟ್ಯಾಂಕ್ ಜೊತೆ ಮೂರು ಪ್ರಶ್ನೆ ಕೇಳಬಹುದು. ಹೆರಿಗೆ ಕೋಣೆಯಲ್ಲಿ ಶಿಶುವಿಗೆ ಹೊಂದುವ ಅಂಬು ಬ್ಯಾಗ್, ಮಾಸ್ಕ್ ಸರಿಯಿವೆಯಾ? ಅಭ್ಯಾಸದ ಬೊಂಬೆ ಇದೆಯಾ, ಇದ್ದರೆ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರಾ? ಕೊನೇ ಸಲ ಅಭ್ಯಾಸ ಮಾಡಿದ್ದು ಯಾವಾಗ?

ಮೂರನೇ ಪ್ರಶ್ನೆಗೆ "ಹೋದ ವಾರ" ಅನ್ನೋ ಉತ್ತರ ಬರಬೇಕು.