‘ಸೇವೆ’ಯ ಮುಸುಕಿನಲ್ಲಿ ಬದಲಿ ದುಡಿಮೆ

‘ಬದಲಿ’ ಎಂಬ ಮಾತಿನ ಅರ್ಥವನ್ನು ಮಿಲ್ಲಿನಲ್ಲಿ ದುಡಿದವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕರೆದ ದಿನ ಕೂಲಿ, ಕರೆಯದ ದಿನ ಉಪವಾಸ. ವರ್ಷಗಟ್ಟಲೆ ದುಡಿದರೂ ಹೆಸರು ಖಾಯಂ ಪಟ್ಟಿಗೆ ಏರದು. ಮಗ್ಗದ ಮುಂದೆ ನಡೆದ ಆ ಅನ್ಯಾಯವೇ ಇಂದು ದಿಕ್ಕಿಲ್ಲದ ಮಕ್ಕಳ ಮನೆಗಳೊಳಗೆ ನಡೆಯುತ್ತಿದೆ. ಅಲ್ಲಿ ಅದಕ್ಕೆ ‘ಸೇವೆ’ ಎಂದು ಹೆಸರಿಟ್ಟಿದ್ದಾರೆ.

ಸಂಗತಿ ಇದು. ಬಾಲಮಂದಿರದಲ್ಲಿ ಬೆಳೆದವರು 18 ತುಂಬಿದ ಮೇಲೆ ಅಲ್ಲಿಂದ ಹೊರಡಬೇಕು. 2015ರ ಬಾಲನ್ಯಾಯ ಕಾಯಿದೆ ಇವರಿಗೆ 21ರ ತನಕ ಅನುಪಾಲನೆ, ಅಂದರೆ ಆಮೇಲಿನ ಆಸರೆ, ಉಂಟೆಂದು ಹೇಳುತ್ತದೆ. 2016ರ ನಿಯಮಗಳು ಆರೆಂಟು ಜನ ಕೂಡಿ ಬಾಳುವ ತಾತ್ಕಾಲಿಕ ಮನೆಗಳ ಮಾತಾಡುತ್ತವೆ. 2022ರ ಮಿಷನ್ ವಾತ್ಸಲ್ಯದಲ್ಲಿ ತಲೆಗೆ ತಿಂಗಳಿಗೆ 4000 ರೂಪಾಯಿ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಮನೆ ಕೇಳಲು ಹೋದರೆ ಒಡೆಯ ಮೊದಲು ಕೇಳುವುದು ಅಪ್ಪನ ಹೆಸರು, ಆಮೇಲೆ ಜಾತಿ, ಕೊನೆಗೆ ಹತ್ತು ತಿಂಗಳ ಮುಂಗಡ. ಈ ಮೂರರಲ್ಲಿ ಒಂದೂ ಆ ಹುಡುಗನ ಬಳಿ ಇಲ್ಲ. ಆದುದರಿಂದ ಆಸರೆಯ ಮನೆಯೇ ಅವನಿಗೆ ಗತಿ.

ಆ ಮನೆಯನ್ನು ನಡೆಸುವವರು ಯಾರು? ಸಮಿತಿಯ ಅಧ್ಯಕ್ಷರಲ್ಲ. ಗೃಹಮಾತೆ, ಅಡುಗೆಯವಳು, ರಾತ್ರಿಯ ಕಾವಲುಗಾರ. ಗ್ಯಾರೇಜಿನಲ್ಲಿ ಕೂಲಿ ಸಿಗದೆ ರಾತ್ರಿ ಹನ್ನೊಂದಕ್ಕೆ ಬಂದ ಹುಡುಗನಿಗೆ ಬಾಗಿಲು ತೆರೆಯುವವರು ಇವರು. ಜ್ವರ ಬಂದವಳ ತಲೆಗೆ ಒದ್ದೆಬಟ್ಟೆ ಹಾಕುವವರು ಇವರು. ಇಂಥವರನ್ನು ಗುತ್ತಿಗೆಯ ಮೇಲೆ ತರುವುದು, ಒಬ್ಬರಿಂದಲೇ ಹಗಲು ರಾತ್ರಿ ದುಡಿಸುವುದು, ಸಂಬಳ ಕೇಳಿದರೆ ‘ಗೌರವಧನ’ ಎನ್ನುವುದು, ಮತ್ತೂ ಕೇಳಿದರೆ ಬೇರೆಯವರನ್ನು ತರುವುದು! ಸರ್ಕಾರಿ ಹಾಸ್ಟೆಲುಗಳ ಹೊರಗುತ್ತಿಗೆ ನೌಕರರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು ಈ ಕಾರಣಕ್ಕೇ.

ವ್ಯಾಪಾರಿ ಬಂಧುಗಳನ್ನು ನಾವು ಕೇಳುತ್ತೇವೆ: ನಿಮ್ಮ ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು ತಿಂಗಳಿಗೊಬ್ಬ ಹೊಸಬನಿಗೆ ಕೊಡುತ್ತೀರಾ? ಹಾಗಾದರೆ ತಾಯಿಯೇ ಬಿಟ್ಟುಹೋದ ಮಗುವಿನ ನಂಬಿಕೆಯನ್ನು ಕೊಡಬಹುದೆ? ಒಬ್ಬಳನ್ನು ‘ಅಕ್ಕಾ’ ಎಂದು ಕರೆಯಲು ಆ ಹುಡುಗಿಗೆ ಆರು ತಿಂಗಳು ಬೇಕು. ಏಳನೆಯ ತಿಂಗಳು ಆ ಅಕ್ಕ ಇರುವುದಿಲ್ಲ.

ಹಿಂದೆ ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿದರು. ಅದರಲ್ಲಿ ಜಾತಿಯ ಕಟ್ಟಿತ್ತು, ಭಿಕ್ಷೆಯ ಹಂಗಿತ್ತು. ಅದು ಮರಳಿ ಬರಬೇಕೆಂದು ನಾವು ಹೇಳುವುದಿಲ್ಲ. ಆದರೆ ಮಂಗಳವಾರದ ಎಲೆಗೆ ಬಡಿಸುವ ಕೈ ಪ್ರತಿ ಮಂಗಳವಾರವೂ ಅದೇ ಆಗಿತ್ತು. ಜಾತಿಯಿಲ್ಲದ, ಹಂಗಿಲ್ಲದ ಸರ್ಕಾರದ ಮನೆಯಲ್ಲಿ ಅಷ್ಟಾದರೂ ಬೇಡವೆ?

‘ಪ್ರೀತಿಗೆ ಗಡಿಯಾರವೆಲ್ಲಿ?’ ಎಂದು ಆಡಳಿತದವರು ಕೇಳುತ್ತಾರೆ. ಪ್ರೀತಿಗೆ ಇಲ್ಲದಿರಬಹುದು, ನಿದ್ದೆಗೆಟ್ಟ ಕಣ್ಣಿಗೆ ಉಂಟು. ದಣಿದವಳು ಸಿಡುಕಿದರೆ ಏಟು ತಿನ್ನುವುದು ಮಗುವಿನ ಮನಸ್ಸು. ‘ಕಾನೂನು ಖಾಯಂ ಮಾಡಲು ಬಿಡದು’ ಎಂದು 2006ರ ಉಮಾದೇವಿ ಪ್ರಕರಣದ ತೀರ್ಪನ್ನು ಮುಂದೊಡ್ಡುತ್ತಾರೆ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸರು ಹೂಡಿದ ಜಗ್ಗೋ ಪ್ರಕರಣದಲ್ಲಿ, 2024ರ ಡಿಸೆಂಬರಿನಲ್ಲಿ, ಅದೇ ಸರ್ವೋಚ್ಚ ನ್ಯಾಯಾಲಯ ಏನೆಂದಿತು? ನಿತ್ಯದ ಕೆಲಸವನ್ನು ವರ್ಷಾನುಗಟ್ಟಲೆ ‘ತಾತ್ಕಾಲಿಕ’ ಎಂದು ಕರೆದು ದುಡಿಸಿಕೊಂಡು ಆ ಹಳೆಯ ತೀರ್ಪಿನ ಮರೆಯಲ್ಲಿ ನಿಲ್ಲುವಂತಿಲ್ಲ ಎಂದಿತು. ಮಕ್ಕಳಿಗೆ ಬಡಿಸುವುದಕ್ಕಿಂತ ನಿತ್ಯದ ಕೆಲಸ ಯಾವುದು?

ನಮ್ಮ ಒತ್ತಾಯ ದೊಡ್ಡದಲ್ಲ. ಈ ಹುದ್ದೆಗಳು ಖಾಯಂ ಆಗಲಿ. ಎಂಟು ಗಂಟೆಯ ಪಾಳಿ, ವಾರಕ್ಕೊಂದು ರಜೆ ಇರಲಿ. ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡಬಾರದು. ಪಾಳಿ ಬದಲಾಗುವಾಗ ಯಾವ ಮಗು ಉಣ್ಣಲಿಲ್ಲ, ಯಾರು ಅತ್ತರು ಎಂದು ಒಪ್ಪಿಸಿ ಹೋಗುವ ಕ್ರಮ ಬರಲಿ. ಮೇಲ್ವಿಚಾರಕರು ವಾರಕ್ಕೊಮ್ಮೆ ಕೂತು ಕೆಲಸದವರ ಮಾತು ಕೇಳಲಿ. ಅದು ವಿಚಾರಣೆ ಆಗದಿರಲಿ.

ನಮ್ಮ ಜಿಲ್ಲೆಯಿಂದಲೂ ಮಕ್ಕಳು ರೈಲು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ಅಲ್ಲಿ ಅವರಿಗೆ ಬಾಗಿಲು ತೆರೆಯುವ ಕೈ ನಮ್ಮಂಥ ಕೂಲಿಯವರ ಕೈ. ಆ ಕೈಗೆ ನ್ಯಾಯ ಸಿಗದೆ ಆ ಮಕ್ಕಳಿಗೆ ಮನೆ ಸಿಗದು.