ಹಿಮ್ಮಡಿಗೊಂದು ನೆಲೆ

ಹಳೆಯ ಜೀಪು ಕೊಂಡವರು ಮೊದಲು ಕೈಹಾಕುವುದು ಟೈರಿಗೆ. ಆಮೇಲೆ ಬಂಪರು, ದೀಪ, ಬಣ್ಣ, ಸೀಟಿನ ಹೊದಿಕೆ. ಕುರ್ಲಾದ ಬಿಡಿಭಾಗಗಳ ಅಂಗಡಿಗಳಲ್ಲಿ, ಚೋರ್ ಬಜಾರಿನ ಗಲ್ಲಿಗಳಲ್ಲಿ ಹುಡುಕಿದರೆ ಬೇಕಾದ್ದೆಲ್ಲ ಸಿಗುತ್ತದೆ. ಇಷ್ಟೆಲ್ಲ ಮುಗಿಸಿ, ಸಂಜೆಯ ದಟ್ಟಣೆಯಲ್ಲಿ ಅಂಧೇರಿಯಿಂದ ದಹಿಸರದವರೆಗೆ ಒಮ್ಮೆ ಓಡಿಸಿದರೆ ಸಾಕು, ಬಲಗಾಲಿನ ಮೊಣಕಾಲಿಗೂ ಪಾದಕ್ಕೂ ನಡುವೆ, ಎಲುಬಿನ ಪಕ್ಕದಲ್ಲೇ, ನೋವು ಹಿಡಿಯುತ್ತದೆ. ‘ಜೀಪು ಅಂದಮೇಲೆ ಇದೆಲ್ಲ ಇದ್ದದ್ದೇ’ ಎಂದು ಮಾಲೀಕ ಹೆಮ್ಮೆಯಿಂದಲೇ ಹೇಳುತ್ತಾನೆ. ಆ ಹೆಮ್ಮೆಯ ಬಗ್ಗೆ ನನ್ನ ತಕರಾರಿದೆ.

ಜೀಪಿಗೂ ಮುಂಬೈಗೂ ಹಳೆಯ ನಂಟು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಹುಟ್ಟಿದ ಕಂಪನಿ, ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದ ಮೇಲೆ, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅಮೆರಿಕದಿಂದ ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಮಜಗಾಂವ್‌ನಲ್ಲಿ ಜೋಡಿಸಿ ವಿಲ್ಲಿಸ್ ಜೀಪುಗಳನ್ನು ಹೊರತಂದವರು ಇವರೇ. ಮುಂದೆ ಕಾಂದಿವಲಿ ಕಾರ್ಖಾನೆ ಬಂತು. ಮಲೆನಾಡಿನ ಕಾಫಿ ತೋಟಗಳಿಂದ ಮಡಿಕೇರಿಯ ಮಾಂದಲಪಟ್ಟಿಯ ದಾರಿಯವರೆಗೆ ಜೀಪು ಮನೆಮಾತಾಯಿತು.

ಆದರೆ ಮೂಲ ಜೀಪು ಯುದ್ಧಕ್ಕೆಂದು ಹುಟ್ಟಿದ್ದು. 1940ರಲ್ಲಿ ಅಮೆರಿಕದ ಸೇನೆ ಅವಸರದಲ್ಲಿ ಕೇಳಿದ್ದು ಹಗುರವಾದ, ತಗ್ಗಾದ, ಎಲ್ಲಿ ಬೇಕಾದರೂ ನುಗ್ಗುವ ಗಾಡಿಯನ್ನು. ಚಾಲಕನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇಟ್ಟರು. ಸೀಟು ಅಲುಗುವಂತಿಲ್ಲ; ಐದಡಿಯವನಿಗೂ ಆರಡಿಯವನಿಗೂ ಪೆಡಲು ಅಷ್ಟೇ ದೂರ. ಒತ್ತುವ ಪಾದದಲ್ಲಿ ದಪ್ಪ ಅಟ್ಟೆಯ ಬೂಟು ಇರುತ್ತದೆಂಬುದು ಗೃಹೀತ. ಅದೇ ಪೆಡಲನ್ನು ನಾವು ಮಳೆಗಾಲದಲ್ಲಿ ರಬ್ಬರ್ ಚಪ್ಪಲಿ ತೊಟ್ಟು ಒತ್ತುತ್ತೇವೆ, ಕೆಲವೊಮ್ಮೆ ಬರಿಗಾಲಲ್ಲೇ.

ನೋವು ಬರುವುದು ಎಲ್ಲಿಂದ? ಪೆಡಲ್ ಒತ್ತುವುದು ಮೀನಖಂಡದ ಕೆಲಸ. ಇಡೀ ದೇಹವನ್ನು ಹೊತ್ತು ನಡೆಸುವ ಆ ಸ್ನಾಯುವಿಗೆ ಇದು ಲೆಕ್ಕಕ್ಕೇ ಇಲ್ಲ. ಕಷ್ಟವಿರುವುದು ಒತ್ತದೆ ಇರುವುದರಲ್ಲಿ. ಪೆಡಲು ನೆಲದಿಂದ ತೀರಾ ಎತ್ತರವಿದ್ದರೆ ಹಿಮ್ಮಡಿ ಊರಿದಲ್ಲಿ ನಿಲ್ಲುವುದಿಲ್ಲ. ಪಾದವನ್ನು ಗಾಳಿಯಲ್ಲಿ ಹಿಂದಕ್ಕೆ ಮಡಚಿ ಹಿಡಿದಿರಬೇಕು. ಆ ಹೊರೆ ಬೀಳುವುದು ಕಾಲಿನ ಮುಂಭಾಗದ ಸಣ್ಣ ಸ್ನಾಯುವಿನ ಮೇಲೆ. ಕಾರು ವಿನ್ಯಾಸಕಾರರು ಪೆಡಲನ್ನು ಮುಟ್ಟಿ ಕೂತ ಪಾದಕ್ಕೂ ಕಾಲಿಗೂ ನಡುವಿನ ಕೋನವನ್ನು ಸುಮಾರು 87 ಡಿಗ್ರಿ ಎಂದು ಹಿಡಿದು, ಹಿಮ್ಮಡಿ ನೆಲ ಮುಟ್ಟುವ ಬಿಂದುವಿನಿಂದಲೇ ಸೀಟು, ಸ್ಟೇರಿಂಗುಗಳ ಅಳತೆ ತೆಗೆಯುತ್ತಾರೆ. ಮನೆಗೆ ಪಾಯವಿದ್ದಂತೆ ಚಾಲಕನಿಗೆ ಹಿಮ್ಮಡಿ.

ಯುದ್ಧದ ಜೀಪು ಮಾಡಿದವರಿಗೂ ಇದು ಪೂರ್ತಿ ಹೊಳೆಯದೆ ಇರಲಿಲ್ಲ. ಅವರ ವಿಲ್ಲಿಸ್ ಜೀಪಿನಲ್ಲಿ ಆಕ್ಸಿಲರೇಟರಿನ ಪಕ್ಕದಲ್ಲೇ ಪಾದ ಊರಲು ಒಂದು ಪುಟ್ಟ ಆಧಾರ ಇತ್ತು. ಪಟ್ಟೆ ಸ್ಪ್ರಿಂಗಿನ ಗಾಡಿ ಹೊಂಡಕ್ಕೆ ಇಳಿದಾಗ ದೇಹ ಕುಲುಕುತ್ತದೆ, ದೇಹದೊಡನೆ ಪಾದ, ಪಾದದೊಡನೆ ಪೆಡಲು. ಎಂಜಿನ್ ಒಮ್ಮೆ ರೇಸ್ ಏರಿ ಒಮ್ಮೆ ಇಳಿದು, ಗಾಡಿ ಜಿಗಿಜಿಗಿದು ಓಡುತ್ತದೆ. ಪಾದಕ್ಕೊಂದು ಊರುಗೋಲು ಸಿಕ್ಕರೆ ಕುಲುಕಾಟ ಪೆಡಲನ್ನು ಮುಟ್ಟುವುದಿಲ್ಲ. ದಶಕಗಳ ರಿಪೇರಿಯಲ್ಲಿ ಎಷ್ಟೋ ಗಾಡಿಗಳಲ್ಲಿ ಮೊದಲು ಕಳಚಿಹೋಗಿರುವುದು ಇಂಥ ತುಣುಕುಗಳೇ.

ನಮ್ಮಲ್ಲಿ ಇನ್ನೂ ಎರಡು ತೊಡಕು ಸೇರಿಕೊಂಡವು. ಎಡಗಡೆಯ ಸ್ಟೇರಿಂಗ್ ಬಲಕ್ಕೆ ಬಂದಾಗ ಪೆಡಲುಗಳ ಕ್ರಮ ಬದಲಾಗಲಿಲ್ಲ. ಗೇರ್‌ಬಾಕ್ಸಿನ ಉಬ್ಬಿನ ಪಕ್ಕದಲ್ಲಿದ್ದ ಆಕ್ಸಿಲರೇಟರ್ ಗಾಡಿಯ ಹೊರ ಅಂಚಿಗೆ ಹೋಯಿತು. ಬಲ ಮೊಣಕಾಲಿಗೆ ಒರಗಲು ಇದ್ದ ಆಸರೆ ತಪ್ಪಿತು. ಎರಡನೆಯದು ಎಂಜಿನ್ ಬದಲಾವಣೆ. ಪೆಟ್ರೋಲ್ ದುಬಾರಿಯೆಂದು ಎಷ್ಟೋ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಕಾರ್ಬುರೇಟರಿನ ಅಳತೆಗೆ ಮಾಡಿದ ಸರಳನ್ನು ಡೀಸೆಲ್ ಪಂಪಿನ ಲಿವರಿಗೆ ಹೇಗೋ ಕಟ್ಟಿದರು. ಎರಡರ ಚಲನೆ ಹೊಂದದಿದ್ದರೆ, ಪೆಡಲಿನ ಮೊದಲ ಅರ್ಧದಲ್ಲಿ ಏನೂ ಆಗುವುದಿಲ್ಲ, ಉಳಿದರ್ಧದಲ್ಲಿ ಎಲ್ಲವೂ ಒಮ್ಮೆಗೇ ಆಗುತ್ತದೆ.

ಇದನ್ನು ಸರಿಪಡಿಸುವ ಕೆಲಸ ನೋಡಲು ಚೆನ್ನ. ಮಿಸ್ತ್ರಿ ಬಾನೆಟ್ ಎತ್ತಿ, ಒಬ್ಬನನ್ನು ಸೀಟಿನಲ್ಲಿ ಕೂರಿಸಿ ಪೆಡಲನ್ನು ಪೂರ್ತಿ ಒತ್ತಿಸುತ್ತಾನೆ. ಲಿವರ್ ಕೊನೆ ಮುಟ್ಟಿತೋ ಎಂದು ಬೆರಳಿಟ್ಟು ನೋಡುತ್ತಾನೆ. ಲಾಕ್‌ನಟ್ ಸಡಿಲಿಸಿ ಸರಳಿನ ತುದಿಯನ್ನು ಒಂದು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾನೆ, ಮತ್ತೆ ಒತ್ತಿಸುತ್ತಾನೆ. ಪಾದ ತೆಗೆದಾಗ ಎಂಜಿನ್ ತಾನಾಗಿ ಐಡಲ್‌ಗೆ ಬರಬೇಕು. ಸರಳಿನ ಬದಲು ಕೇಬಲ್ ಇದ್ದರೆ, ಪೂರ್ತಿ ಒತ್ತಿದಾಗ ಅದು ಅತಿಯಾಗಿ ಎಳೆದುಕೊಳ್ಳಬಾರದು. ಪೆಡಲ್ ಹಗುರವಾಗಲೆಂದು ರಿಟರ್ನ್ ಸ್ಪ್ರಿಂಗ್ ಕಿತ್ತುಹಾಕುವ ಜಾಣತನ ಮಾತ್ರ ಬೇಡ. ಬಿಗಿಯಾಗಿದ್ದರೆ ತಪ್ಪು ಸಾಮಾನ್ಯವಾಗಿ ತುಕ್ಕು ಹಿಡಿದ ಕೇಬಲಿನದು, ಇಲ್ಲವೇ ಅದು ಬಾಗುವ ಜಾಗದ್ದು.

ಬ್ರೇಕಿನ ಮಾತೂ ಇದೆ. ಬ್ರೇಕ್ ಪೆಡಲು ಆಕ್ಸಿಲರೇಟರಿಗಿಂತ ತುಸು ಎತ್ತರವಿರಬೇಕು, ಇಲ್ಲದಿದ್ದರೆ ಒಂದೇ ಪಾದ ಎರಡನ್ನೂ ಒತ್ತೀತು. ತೀರಾ ಎತ್ತರವಾದರೆ ಪ್ರತಿ ಸಲವೂ ಇಡೀ ಕಾಲನ್ನು ಎತ್ತಬೇಕು. ಸಯನ್‌ನ ಜಂಜಾಟದಲ್ಲಿ ಅದು ಬರಿಯ ಆಯಾಸ. ಪನ್ವೇಲ್ ದಾಟಿ ಊರಿನ ದಾರಿ ಹಿಡಿದಾಗ ಎದುರಾಗುವ ಘಟ್ಟದ ತಿರುವಿನಲ್ಲಿ ಅದು ತಡವಾದ ಬ್ರೇಕು. ಸುಖ ಮತ್ತು ಸುರಕ್ಷೆಯನ್ನು ಬೇರೆ ಮಾಡಿ ನೋಡುವಂತಿಲ್ಲ ಎನ್ನಲು ಹೊಸ ಕಾರುಗಳೂ ಸಾಕ್ಷಿ. 2009ರಲ್ಲಿ ಟೊಯೊಟಾ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಎಚ್ಚರಿಕೆ ಕೊಟ್ಟು, ಅವನ್ನು ಹಿಂಪಡೆಯಬೇಕಾಯಿತು. ಕಾರಣ, ಆಕ್ಸಿಲರೇಟರನ್ನು ಸಿಕ್ಕಿಸಿ ಹಿಡಿಯಬಲ್ಲ ನೆಲದ ಮ್ಯಾಟು. ಹಳೆಯ ಜೀಪಿನಲ್ಲಿ ಒಂದರ ಮೇಲೊಂದು ಮ್ಯಾಟು ಹಾಸುವವರು ಇದನ್ನು ನೆನಪಿಡಬೇಕು.

ಕಷ್ಟ ಸಹಿಸುವುದು ಗಾಡಿಯ ಗುಣವಾಗಿರಲಿ, ಓಡಿಸುವವನ ಹರಕೆಯಾಗಬೇಕಿಲ್ಲ. ಹೊಸ ಟೈರಿಗೆ ಮುಂಗಡ ಕೊಡುವ ಮೊದಲು, ದಿನವೂ ತೊಡುವ ಪಾದರಕ್ಷೆಯಲ್ಲೇ ಸೀಟಿನಲ್ಲಿ ಕುಳಿತು ನೋಡಿ. ಹಿಮ್ಮಡಿ ನೆಲಕ್ಕೆ ಊರಿದಂತೆಯೇ ಪೆಡಲು ಪೂರ್ತಿ ಒತ್ತಲು ಬರುತ್ತದೆಯೇ? ಬರದಿದ್ದರೆ ಹಿಮ್ಮಡಿಯಡಿಗೆ ಅಲುಗದಂತೆ ಬಿಗಿದ ಒಂದು ತಗಡಿನ ಮೆಟ್ಟಿಲು, ಸರಳಿಗೆ ನಾಲ್ಕು ಸುತ್ತು, ಒಂದು ಹೊಸ ಕೇಬಲ್ ಸಾಕಾಗಬಹುದು. ಟೈರಿನ ಖರ್ಚು ಆಮೇಲೆ.